ಗುರುವಾರ

ಪೋರ್ಚುಗಲ್ಲಿನ ತೆಂಕಣ ತುದಿ, ಓಲ್ಯಾಂವ್ ಬಂದರು.
ಅಗ್ನಿಶಾಮಕ ಠಾಣೆಯ ಹಿಂದೊಂದು ಕೋಣೆ,
ಎಂಟು ಕುರ್ಚಿ. ಒಂದರ ಕಾಲು ಮೋಟು; ಅದರಲ್ಲಿ ಯಾರೂ ಕೂರುವುದಿಲ್ಲ.
ಡಬ್ಬಿ ಕಾರ್ಖಾನೆಯಲ್ಲಿ ನಿಮಿಷಕ್ಕೆ ಮೂವತ್ತು
ಬೂತಾಯಿಯ ತಲೆ ಚಿವುಟುತ್ತಿದ್ದ ಕೈಗಳು ನಮ್ಮವು.
ಈಗ ಒಂದೊಂದೇ. ಇನ್ನೊಂದು
ಮಡಿಲಲ್ಲಿ ಬಿದ್ದಿರುತ್ತದೆ, ಯಾರೋ
ಈಗ ಬಂದೆ ಎಂದು ಕೊಟ್ಟುಹೋದ ಕೂಸಿನ ಹಾಗೆ.

ನನಗೆ ಬಡಿದದ್ದು ಐವತ್ತೊಂದಕ್ಕೆ, ಈರುಳ್ಳಿ ಹೆಚ್ಚುವಾಗ.
ಚಾಕು ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.
ನಗು ಬಂತು.
ಮುಟ್ಟು ನಿಲ್ಲುವ ವಯಸ್ಸು, ಗಾಬರಿ ಅಷ್ಟೇ ಎಂದ ಡಾಕ್ಟರು
ಕ್ಯಾಮೊಮೈಲ್ ಚಹಾ ಕುಡಿದು ಮಲಗು ಎಂದ.
ಕುಡಿದೆ, ಮಲಗಿದೆ.
ಬೆಳಿಗ್ಗೆ ನಾನು ಎದ್ದೆ, ಎಡಗೈ ಏಳಲಿಲ್ಲ.

ದಿಯೊಲಿಂಡಾ ಸಾರು ಉಕ್ಕೀತೆಂದು ಒಲೆ ಆರಿಸಿ,
ತಂತಿಯ ಮೇಲಿನ ಬಟ್ಟೆ ಒಂದೇ ಕೈಯಲ್ಲಿ ಒಳತಂದು
ಆಮೇಲೆ ಬಿದ್ದಳಂತೆ.
ಮೊದಲೇ ಬಿದ್ದಿದ್ದರೆ ಬಟ್ಟೆಯೆಲ್ಲ ನೆನೆಯುತ್ತಿತ್ತು,
ಎನ್ನುತ್ತಾಳೆ ಈಗಲೂ.
ನಗುತ್ತೇವೆ, ಅರ್ಧ ಬಾಯಲ್ಲಿ.

ಫೆಲಿಸ್ಮಿನಾಗೆ ಉಳಿದದ್ದು ಒಂದೇ ಮಾತು: ಗುರುವಾರ.
ನೀರು ಬೇಕೆಂದರೆ ಗುರುವಾರ, ಸಾಕೆಂದರೆ ಗುರುವಾರ,
ಕಡಲಿಗೆ ಹೋಗಿ ಬಾರದ ಮಗನ ಹೆಸರೂ ಗುರುವಾರವೇ.
ಸೊಸೆಗೆ ತಿಳಿಯದೆ ಅಳು ಬರುತ್ತದೆ.
ನಮಗೆ ದನಿಯ ಏರಿಳಿತ ಸಾಕು.
ಮಗನನ್ನು ಕರೆಯುವಾಗ ಅವಳು
ಕೊನೆಯ ಅಕ್ಷರವನ್ನು ಬಿಡುವುದೇ ಇಲ್ಲ.

ಕೋಣೆಯ ಕಟ್ಟಳೆ ಒಂದೇ:
ಇನ್ನೊಬ್ಬಳ ಮಾತನ್ನು ಮುಗಿಸಿಕೊಡಬಾರದು.
ನಾಲಿಗೆಯ ತುದಿಗೆ ಬಂದದ್ದು ತಾನೇ ಇಳಿಯಲಿ.
ಕಾಫಿ ಆರಿದರೆ ಆರಲಿ.

ಕಳೆದ ಚಳಿಗಾಲ ಮೀನು ಮಾರುಕಟ್ಟೆಗೆ ಹೋಗಿ
ತಕ್ಕಡಿಗಳ ನಡುವೆ ನಿಂತು ಹೇಳಿದೆವು:
ನಕ್ಕು ನೋಡು, ತುಟಿ ಸೊಟ್ಟಗಾಯಿತೇ?
ಎರಡೂ ಕೈ ಎತ್ತು, ಒಂದು ಇಳಿಯಿತೇ?
ಹೆಸರು ಹೇಳು, ತೊದಲಿದೆಯಾ?
ಹಾಗಾದರೆ ಚಹಾ ಬೇಡ, ಗಂಡ ಬರಲೆಂದು ಕಾಯಬೇಡ,
ಗಡಿಯಾರ ನೋಡು, ಆಂಬುಲೆನ್ಸ್ ಕರೆ.
ಕೇಳಿದರು, ಪಾಪ ಎಂದರು.
ಮೀನಿನ ಗ್ರಾಸಿಂಡಾ ನಾವು ಕೊಟ್ಟ ಕಾಗದದಲ್ಲೇ
ಬೂತಾಯಿ ಸುತ್ತಿ ನಮಗೇ ಮಾರಿದಳು.

ಶನಿವಾರ. ಫೆಲಿಸ್ಮಿನಾ ಕೋಲೂರಿ ನಿಂತಿದ್ದಾಳೆ, ಚಿಲ್ಲರೆಗೆ.
ಇಲ್ದಾ, ಮೂವತ್ನಾಲ್ಕರವಳು, ಎಣಿಸುತ್ತ ಎಣಿಸುತ್ತ ತಪ್ಪಿದಳು.
ನಾಣ್ಯ ಬೆರಳ ಸಂದಿಯಿಂದ ಮಂಜುಗಡ್ಡೆಯ ಮೇಲೆ.
ತುಟಿಯ ಒಂದು ಮೂಲೆ ಜಾರಿತು.
ಹಾಲೂಡುವ ತಾಯಿ, ರಾತ್ರಿಯೆಲ್ಲ ನಿದ್ದೆಯಿಲ್ಲ, ಎಂದರು ಯಾರೋ.

ಗುರುವಾರ!

ಇವತ್ತು ಶನಿವಾರ, ಅಜ್ಜಿ, ಎಂದ ಐಸು ಹೊರುವ ಹುಡುಗ.

ಗುರುವಾರ! ಗುರುವಾರ! ಗುರುವಾರ!
ಕೋಲಿನಿಂದ ತಕ್ಕಡಿ ಬಡಿದಳು,
ತನ್ನ ಬಾಯಿ ತೋರಿಸಿದಳು, ಇಲ್ದಾಳ ಬಾಯಿ ತೋರಿಸಿದಳು.
ಗ್ರಾಸಿಂಡಾ ಚೂರಿ ಕೆಳಗಿಟ್ಟಳು.
ಇಲ್ದಾ, ಕೈ ಎತ್ತೇ. ಎರಡೂ.
ಒಂದು ಏರಿತು.
ಗಡಿಯಾರ ನೋಡಿದಳು: ಹತ್ತೂ ಇಪ್ಪತ್ತು.

ಆರು ವಾರದ ಮೇಲೆ ನಮ್ಮ ಬಾಗಿಲಲ್ಲಿ ಇಲ್ದಾ.
ಕಾಲು ಸರಿ. ಕೈ ಬಹುಪಾಲು ಸರಿ.
ಮೋಟು ಕಾಲಿನದಕ್ಕೆ ಬೆರಳು ಮಾಡಿ, ಈ, ಎಂದಳು.
ಈ... ಇದರ ಮೇಲೆ... ಈ...

ಏಳೂ ಜನರ ಬಾಯಲ್ಲಿತ್ತು ಆ ಪದ,
ಫೆಲಿಸ್ಮಿನಾಳ ಬಾಯಲ್ಲೂ ಇತ್ತು, ಆಣೆ ಮಾಡಿ ಹೇಳುತ್ತೇನೆ.
ಯಾರೂ ಕೊಡಲಿಲ್ಲ.
ಹೊರಗೆ ಕಡಲಹಕ್ಕಿಗಳು ಕಚ್ಚಾಡುತ್ತಿದ್ದವು.
ಕಾಫಿ ಕೆನೆಗಟ್ಟಿತು.