ಹತ್ತು ಗಂಟೆಯ ಹಗ್ಗ

ಕೊರ್ದೋಬಾ. ಜುಲೈ. ಬೆಳಿಗ್ಗೆ ಹತ್ತಕ್ಕೆ
ನಮ್ಮ ಬೀದಿ ಕಣ್ಣು ಮುಚ್ಚುತ್ತದೆ,
ಒಂದೊಂದೇ ಕಿಟಕಿಯ ಸುರುಳಿ ಪರದೆ
ಗರಗರ ಇಳಿದು.

ಎನ್ಕಾರ್ನಾ ರಾತ್ರಿಯಿಡೀ ತೆರೆದಿಟ್ಟಿದ್ದಳು ಮನೆ,
ಮುಂಬಾಗಿಲಿಂದ ಅಡುಗೆಮನೆಯ ಕಿಟಕಿವರೆಗೆ
ಗಾಳಿಗೊಂದು ಕಾಲುದಾರಿ.
ಈಗ ಆ ತಂಪನ್ನು
ಹಾಲಿನ ಪಾತ್ರೆಯಂತೆ ಮುಚ್ಚಿಡಬೇಕು
ಬೆಕ್ಕಿನಂಥ ಬಿಸಿಲು ಮೂಸದ ಹಾಗೆ.

ಒಲೆಯ ಕೆಲಸ ಏಳರೊಳಗೆ. ಆಮೇಲೆ ಬರೀ
ಟೊಮ್ಯಾಟೊ, ಬೆಳ್ಳುಳ್ಳಿ, ನಿನ್ನೆಯ ಬ್ರೆಡ್ಡು: ಅರೆದು ಕುಡಿಯುವುದು.
ಬಾಗಿಲಿಗೆ ಒದ್ದೆ ದುಪ್ಪಟಿ.
ಮೂಲೆಯಲ್ಲಿ ಮಣ್ಣಿನ ಹೂಜಿ.
'ನನ್ನ ಪಾಲಿನದೂ ನೀನೇ ಬೆವರು' ಎನ್ನುತ್ತಾಳೆ ಅದಕ್ಕೆ.

ಇವತ್ತು ಹನ್ನೊಂದೂವರೆ. ಎದುರು ಮೂರನೇ ಮಹಡಿ,
ಎಲಾದಿಯೊನ ಕಿಟಕಿ ಇನ್ನೂ ಬಾಯಿ ತೆರೆದೇ ಇದೆ.
ಅವನ ರೇಡಿಯೊ ದೆಸೆಯಿಂದ
ಎರಡು ಬೇಸಿಗೆ ಮಾತು ಬಿಟ್ಟವಳು,
ಹನ್ನೆರಡರವರೆಗೆ ನೋಡಿದಳು.
ಹನ್ನೆರಡಾಗುವ ಮೊದಲೇ ಚಪ್ಪಲಿ ಮೆಟ್ಟಿದಳು.

ಅಷ್ಟೂ ಮೆಟ್ಟಿಲು, ಸೊಂಟದ ಮೇಲೆ ಹೂಜಿ.
ಬಾಗಿಲು ತಳ್ಳಿದರೆ
ಬನಿಯನ್ನಿನಲ್ಲಿ, ಅಂಗಾತ, ಬರಿನೆಲದ ಮೇಲೆ ಮನುಷ್ಯ.

ಎದೆ ಧಸಕ್ಕೆಂದಿತು.

'ಪರದೆಯ ಹಗ್ಗ ಕಡಿಯಿತು' ಎಂದ, ಕಣ್ಣು ತೆರೆಯದೆ.
'ಮಲಗಿದ ಕಲ್ಲು ಬೆಚ್ಚಗಾದರೆ
ಪಕ್ಕದ ಕಲ್ಲಿಗೆ ಹೊರಳುತ್ತೇನೆ. ಹೀಗೇ ಗೋಡೆವರೆಗೆ.
ಇನ್ನು ನಾಲ್ಕು ಸಾಲು ಉಳಿದಿದೆ.'

ಬೈದಳು, ಮನದಣಿಯೆ.
ಕುರ್ಚಿ ಹತ್ತಿ, ಮೇಜಿನ ಬಟ್ಟೆ ಎಳೆದು
ಕಿಟಕಿಗೆ ಸಿಕ್ಕಿಸಿ, ನೀರು ಚಿಮುಕಿಸಿದಳು.
ಕೋಣೆ ನಸುಗತ್ತಲಾಯಿತು.
ಅವನ ಹಣೆಗೊಂದು ಬೊಗಸೆ, ತನ್ನ ಕತ್ತಿಗೊಂದು.

ಮೆಟ್ಟಿಲಿಳಿದು ಆ ಬಿಸಿಲಲ್ಲಿ
ಬೀದಿ ದಾಟುವುದು ಈಗ ಆಗದ ಮಾತು.
'ಸರಿ' ಎಂದಳು, 'ಆ ಕಡೆ ಹೊರಳು.
ಗೋಡೆಯ ಸಾಲು ನನಗಿರಲಿ.'