ಒಂದೇ ಕೈಯ ಗಂಟು

ಅರೌಸಾದ ಅಳಿವೆ. ನನಗಾಗ ಎಂಟು.
ದೋಣಿಗಳು ರಾತ್ರಿ ಪುಡಿ ಇಳಿಸುತ್ತಿದ್ದ ವರ್ಷ
ಅಪ್ಪ ಕಲಿಸಿದ್ದು ಒಂದೇ ಗಂಟು:
ಬಲಗೈಲಿ ಸುತ್ತು,
ತುದಿ ಹಲ್ಲಲ್ಲಿ ಕಚ್ಚಿ ಎಳೆ.
"ತೆಪ್ಪ ತೂಗುವಾಗ, ಸಬೇಲಾ,
ಇನ್ನೊಂದು ಕೈ ಕಂಬ ಹಿಡಿದಿರಬೇಕಲ್ಲ."

ಶಾಲೆಗೆಲ್ಲ ಕಟ್ಟಿ ತೋರಿಸಿ ಬೀಗಿದೆ.
ಮನೆಯಲ್ಲಿ ತೋರಿಸಿದಾಗ
ಅಜ್ಜಿ ಕೆನ್ನೆಗೆ ಬಾರಿಸಿ,
ಒಲೆಯ ಕಡೆ ತಿರುಗಿ ಅತ್ತಳು.
ಆಗಸ್ಟಿನ ಸೆಕೆಯಲ್ಲೂ ತುಂಬುತೋಳಿನ ಅಪ್ಪ
ತಟ್ಟೆಯಿಂದ ತಲೆ ಎತ್ತಲಿಲ್ಲ.

ಬಚ್ಚಲ ಬಾಗಿಲು ಒಡೆದ ದಿನ
ಸೂಜಿಗಿಂತ ಒಂದು ಗೇಣು ಮೇಲೆ
ಅದೇ ಗಂಟು. ಅಚ್ಚುಕಟ್ಟು.
ಬಂದವರ್ಯಾರಿಗೂ ಬಿಚ್ಚಲು ಬರಲಿಲ್ಲ.
ನಾನೇ ಬಿಚ್ಚಿದೆ.

ಈಗ ಕಪ್ಪುಚಿಪ್ಪಿನ ಹಗ್ಗಗಳು ನನ್ನವು.
ಗಾಳಿ ಎದ್ದರೆ ಎಡಗೈ ಕಂಬಕ್ಕೆ,
ಹಗ್ಗದ ತುದಿ ಬಾಯಿಗೆ: ಉಪ್ಪು, ಪಾಚಿ, ಡೀಸೆಲ್ಲು.
ಅಪ್ಪ ಹೇಳಿದ್ದು ಸುಳ್ಳಿರಬಹುದು.
ತೆಪ್ಪ ತೂಗುವುದಂತೂ ನಿಜ.