ಅಚ್ಚು

ಹನ್ನೊಂದೇ ಹನ್ನೊಂದು ಮಾಡಿದ್ದು.
ಅದರಲ್ಲಿ ಮೂರು ಗುಜರಿಗೆ, ಒಂದು ಬೆಂಕಿಗೆ.
ಒಂದನ್ನು ಸೆಲ್ಬಿಯ ಪಾದ್ರಿಯೊಬ್ಬ ತಿರುವಿನಲ್ಲಿ ನದಿಗೆ ಬಿಟ್ಟ.
ತೇಲಿತಂತೆ ಸ್ವಲ್ಪ ಹೊತ್ತು. ಫೈಬರ್ ಮೈ, ದೋಣಿಯ ಹಾಗೆ.
ಉಳಿದ ಆರರಲ್ಲಿ ಐದರ ವಿಳಾಸ ನನ್ನ ಡೈರಿಯಲ್ಲಿದೆ.
ಆರನೆಯದಕ್ಕೆ, ಅಂದರೆ ಏಳನೇ ನಂಬರಿಗೆ,
ಮಾರ್ಚ್ ತಿಂಗಳ ಒಂದು ಶನಿವಾರ
ಟ್ರೈಲರ್ ಕಟ್ಟಿಕೊಂಡು ಲಿಂಕನ್‌ಶೈರಿನ ತಗ್ಗುನಾಡಿಗೆ ಹೊರಟೆ.

ತಂಗಿ ಡಾಫ್ನಿ ಕೇಳಿದಳು,
ಅದೇ ದುಡ್ಡಿಗೆ ಜಾಗ್ವಾರ್ ಬರೋದಿಲ್ವಾ?
ಬರುತ್ತೆ.
ಜಾಗ್ವಾರಿನಲ್ಲಿ ಯಾರ ಬೆರಳೂ ಸಿಗುವುದಿಲ್ಲ, ಡಾಫ್ನಿ.
ಇದರ ಬಾನೆಟ್ ಎತ್ತಿ ಒಳಮೈ ಸವರು:
ಹೊರಗೆ ಕನ್ನಡಿ, ಒಳಗೆ ಕಂಬಳಿ.
ಗಾಜಿನ ನೂಲು, ರಾಳ, ಬ್ರಷ್ಷಿನ ಉದುರುಗೂದಲು,
ಅರವತ್ತಮೂರರಲ್ಲಿ ಸಿಕ್ಕಿಬಿದ್ದ ಒಂದು ಜೇಡ,
ಗುಳ್ಳೆ ಒಡೆಯಲು ಒತ್ತಿದ ಹೆಬ್ಬೆರಳು.

ಕಣ್ಣು ಯಾವುದೋ ಟ್ರಯಂಫಿನದು,
ಬಾಗಿಲ ಹಿಡಿ ಮಿನಿಯದು,
ಎಂಜಿನ್ನು ಹೂವಿನಂಗಡಿಯ ಹಳೇ ವ್ಯಾನಿನದು.
ಮೈ ಮಾತ್ರ ಹೊರೇಸ್ ಕಾಟೆರಿಲ್‌ನದು.
ಕಸುಬಿನಲ್ಲಿ ಕೊಳಾಯಿ ರಿಪೇರಿಯವ.
ಹೊಲದಲ್ಲಿ ಚೀರುವ ಟಿಟ್ಟಿಭದ ಹೆಸರನ್ನೇ ಕಾರಿಗಿಟ್ಟ.

ಆಗ ಇಡೀ ಕಾರು ಕೊಂಡರೆ ತೆರಿಗೆ, ಬಿಡಿ ಕೊಂಡರೆ ಇಲ್ಲ.
ಜೋಡಿಸುವ ಬಗೆ ಬರೆದುಕೊಟ್ಟರೆ ಸರ್ಕಾರ ಹುಬ್ಬೇರಿಸುತ್ತಿತ್ತು.
ಹೊರೇಸ್ ಬಿಚ್ಚುವ ಬಗೆ ಬರೆದುಕೊಟ್ಟ,
ಕೊನೇ ಪುಟದಿಂದ ಓದಿ ಅಂತ ಕಣ್ಣು ಹೊಡೆದ.
'ಮೂವತ್ತೊಂಬತ್ತು: ಕಡೆಯ ಬೋಲ್ಟ್ ತೆಗೆದು ನೆಲದ ಮೇಲಿಡಿ.
ಈಗ ನಿಮ್ಮ ಬಳಿ ಕಾರಿಲ್ಲ.'
ಅಲ್ಲಿಂದ ಶುರುಮಾಡಿದರು ಜನ.

ಆಕಾಶ ಬಿಟ್ಟರೆ ಎಲೆಕೋಸು, ಎಲೆಕೋಸು ಬಿಟ್ಟರೆ ಕಾಲುವೆ.
ಈನಿಡ್ ಕಾಟೆರಿಲ್, ಎಂಬತ್ತೇಳು,
ಗಂಡನ ಕೋಟು ಹಾಕಿಕೊಂಡೇ ಬಾಗಿಲು ತೆರೆದರು.
ಏಳನೇದಾ? ಅದು ಹೋಗಿ ಯಾವ ಕಾಲವಾಯ್ತು,
ಚಾಸಿ ತುಕ್ಕು ತಿಂದು ಎರಡಾಯ್ತು.
ಬಾಗಿಲೊಂದು ಕೋಳಿಗೂಡಿಗಿದೆ, ನೋಡು.
ನೋಡಿದೆ. ಕೋಳಿಯೂ ನೋಡಿತು.

ಚಹಾ ಆಯ್ತು. ನನಗೆ ತಡೆಯಲಿಲ್ಲ, ಕೇಳಿಯೇಬಿಟ್ಟೆ:
ಎಲ್ಲಾ ಹನ್ನೊಂದರಲ್ಲೂ ಎಡಗೆನ್ನೆ
ಬಲದ್ದಕ್ಕಿಂತ ಒಂದು ಬೆರಳು ದಪ್ಪ, ಯಾಕೆ?
ಗಾಳಿಯ ಲೆಕ್ಕ ಅಂತಾನೆ ನಮ್ಮಲ್ಲೊಬ್ಬ,
ಇನ್ನೊಬ್ಬ ಅದರ ಮೇಲೆ ಇಪ್ಪತ್ತು ಪುಟ ಬರೆದಿದ್ದಾನೆ.
ಈನಿಡ್ ಬಟ್ಟಲು ಕೆಳಗಿಟ್ಟು ನಕ್ಕರು.
ನವೆಂಬರಿನಲ್ಲಿ ಮಾಡಿದ್ದಪ್ಪ.
ಸೀಮೆಎಣ್ಣೆ ಹೀಟರು ಎಡಗಡೆ ಇತ್ತು.
ಅವನು ಆ ಕಡೆಯೇ ಹೆಚ್ಚು ಹೊತ್ತು ನಿಲ್ಲುತ್ತಿದ್ದ.

ಆಮೇಲೆ, ಮರೆತುಹೋದದ್ದು ನೆನಪಾದಂತೆ:
ಅಚ್ಚು ಇದೆ. ಬೇಕಾ?

ಅಚ್ಚು ಅಂದರೆ ಎರಡು.
ಒಂದರ ಮೇಲೆ ಗಾಲಿ ತಿರುಗುತ್ತದೆ,
ಇನ್ನೊಂದರೊಳಗೆ ಮೈ ಹುಟ್ಟುತ್ತದೆ.
ಮೊದಲನೆಯದು ಯಾವ ಗುಜರಿಯಲ್ಲೂ ಸಿಗುತ್ತದೆ.
ಎರಡನೆಯದನ್ನು ಮೂವತ್ತು ವರ್ಷದಿಂದ
ಮೂರು ಜಿಲ್ಲೆಗಳ ಕೊಟ್ಟಿಗೆಗಳಲ್ಲಿ ಹುಡುಕಿದ್ದೇನೆ.

ಹಿತ್ತಲಲ್ಲಿ, ಸೇಬಿನ ಮರದ ಬುಡದಲ್ಲಿ,
ಅಂಗಾತ ಮಲಗಿಸಿ ನೆಲಕ್ಕೆ ಹೂತ ಅಚ್ಚು.
ತುಂಬ ನೀರು. ಪಾಚಿ. ನಾಲ್ಕು ಬಾತು.
ತುಕ್ಕು ಹಿಡಿಯಲ್ಲ, ಸೋರಲ್ಲ ಅಂತ ಅವನೇ ಇಟ್ಟದ್ದು,
ಇದೊಂದೇ ನೋಡು ಅವನು ಮಾಡಿದ್ದರಲ್ಲಿ ಸೋರದ್ದು.

ಹುಲ್ಲಿನ ಮೇಲೆ ಬೋರಲು ಮಲಗಿದೆ,
ತೋಳು ಮಡಿಸಿ, ಭುಜದವರೆಗೆ ಕೈ ಇಳಿಸಿದೆ.
ಬಲಗೆನ್ನೆ. ಹಣೆ. ದೀಪದ ಕುಳಿಯಲ್ಲಿ
ಗಂಜಿಯಂಥ ಕಪ್ಪೆಮೊಟ್ಟೆ.
ಆಮೇಲೆ ಎಡಗೆನ್ನೆ.
ಒಂದು ಬೆರಳು ಆಳ.

ಎಷ್ಟು ಕೊಡಲಿ ಎಂದೆ, ಎದ್ದು ಕೂತು.
ಕೈ ಜೋಮು ಹಿಡಿದಿತ್ತು.
ಚೆಕ್ಕಿನ ಪುಸ್ತಕ ಒದ್ದೆಯಾಗಿತ್ತು.
ಈನಿಡ್ ಬಾತುಗಳಿಗೆ ಬಟಾಣಿ ಚೆಲ್ಲುತ್ತಾ ಹೇಳಿದರು,
ಮರಿಗಳು ಕಾಲು ಬಂದು ಹೊರಡಲಿ.
ಆಗಸ್ಟಿನಲ್ಲಿ ಬಾ. ನಾನಿದ್ದರೆ ಮಾತಾಡೋಣ.

ಹಿಂತಿರುಗುವಾಗ ಖಾಲಿ ಟ್ರೈಲರು
ಪ್ರತಿ ಗುಂಡಿಗೂ ಕುಣಿದು ಬಡಿದುಕೊಂಡಿತು.
ಸ್ಲೀಫರ್ಡ್ ದಾಟಿದ ಮೇಲೆ ಗಮನಿಸಿದೆ,
ಹೀಟರ್ ಹಾಕಿಕೊಂಡು
ಎಡಕ್ಕೆ ವಾಲಿ ಕೂತಿದ್ದೆ.